ಬೋರ್ಡು ಎನ್‌ಬಿಸಿಯದು, ಅಂಗಡಿ ಬೇರೆಯವರದು

ಅಮೆರಿಕದ ಯಾವುದೋ ಹೆದ್ದಾರಿ. ಕಾರಿನಲ್ಲಿ ರೇಡಿಯೋ ಹಾಕಿಕೊಂಡು ಹೋಗುತ್ತಿದ್ದೀರಿ ಅಂದುಕೊಳ್ಳಿ. ಗಂಟೆ ಸರಿಯಾಗಿ ಆಗುತ್ತಿದ್ದಂತೆ ಅಲ್ಲಿಯವರೆಗೆ ನಡೆಯುತ್ತಿದ್ದ ಹರಟೆ ಥಟ್ಟನೆ ನಿಲ್ಲುತ್ತದೆ. ಎರಡು ಸೆಕೆಂಡ್ ಚುರುಕು ಸಂಗೀತ. ಹಿಂದೆಯೇ ಗಟ್ಟಿ ದನಿಯಲ್ಲಿ ಒಬ್ಬರು ‘ಎನ್‌ಬಿಸಿ ನ್ಯೂಸ್ ರೇಡಿಯೋ’ ಅಂತ ಹೇಳಿ ಸುದ್ದಿ ಶುರು ಮಾಡುತ್ತಾರೆ. ಸಂಜೆ ಟಿವಿಯಲ್ಲಿ ನೋಡುವ ಎನ್‌ಬಿಸಿಯೇ ಇಲ್ಲೂ ಮಾತಾಡುತ್ತಿದೆ ಅಂತ ಕೇಳುವವರು ತಿಳಿಯುತ್ತಾರೆ. ಬೇರೆ ಏನು ತಿಳಿಯಲಿಕ್ಕಿದೆ?

ಆದರೆ ಆ ಸುದ್ದಿ ಓದುತ್ತಿರುವವರು ಎನ್‌ಬಿಸಿಯ ನೌಕರರಲ್ಲ. ಐಹಾರ್ಟ್‌ಮೀಡಿಯಾ ಎಂಬ ರೇಡಿಯೋ ಕಂಪನಿಯ ಕಡೆಯವರು. 2016ರಿಂದ ವ್ಯವಸ್ಥೆ ಹೀಗಿದೆ: ಹೆಸರು ಎನ್‌ಬಿಸಿಯದು, ನಡುನಡುವೆ ಬರುವ ವರದಿಗಾರರ ಧ್ವನಿತುಣುಕುಗಳು ಎನ್‌ಬಿಸಿಯವು. ಬುಲೆಟಿನ್ ಕಟ್ಟುವುದು, ಓದುವುದು, ಸ್ಟೇಷನ್‌ಗಳಿಗೆ ಕಳಿಸುವುದು ಎಲ್ಲ ಐಹಾರ್ಟ್ ಕೆಲಸ. ನಮ್ಮಲ್ಲಿ ‘ಉಡುಪಿ ಹೋಟೆಲ್’ ಬೋರ್ಡಿನ ಕೆಳಗೆ ಉಡುಪಿಯನ್ನೇ ನೋಡದವರು ಕಾಫಿ ಕೊಡುವುದಿಲ್ವಾ, ಹಾಗೆ. ಕಾಫಿ ಚೆನ್ನಾಗಿಯೇ ಇರಬಹುದು. ಬೋರ್ಡು ನೋಡಿ ಅಡುಗೆಮನೆಯಲ್ಲಿ ಯಾರಿದ್ದಾರೆ ಅಂತ ಹೇಳಲು ಬರುವುದಿಲ್ಲ, ಅಷ್ಟೆ.

ಅಮೆರಿಕದಲ್ಲಿ ಟಿವಿ ಸುದ್ದಿಗೂ ರೇಡಿಯೋ ಜಾಲಗಳಿಗೂ ಇದ್ದ ನಂಟು ಈಗ ಇಲ್ಲಿಗೆ ಬಂದು ನಿಂತಿದೆ. ಒಂದು ಕಾಲಕ್ಕೆ ಎರಡೂ ಒಂದೇ ಮನೆ, ಒಂದೇ ಒಲೆ. ಆಮೇಲೆ ಮನೆ ಪಾಲಾಯಿತು, ಹೆಸರು ಬಾಡಿಗೆಗೆ ಹೋಯಿತು. ತಮಾಷೆ ಏನೆಂದರೆ, ಕಾಗದಪತ್ರದಲ್ಲಿ ಸಂಬಂಧ ಕಡಿದುಹೋಗುತ್ತಿದ್ದ ಅದೇ ವರ್ಷಗಳಲ್ಲಿ ರೇಡಿಯೋದ ಮಾತಿನ ಧಾಟಿ ಹಿತ್ತಲ ಬಾಗಿಲಿನಿಂದ ಟಿವಿಯ ಒಳಗೆ ಬಂದು ಕೂತಿತು. ನನ್ನ ಪ್ರಕಾರ ಈ ಎರಡನೆಯ ನಂಟೇ ಜಾಸ್ತಿ ಗಟ್ಟಿ, ಜಾಸ್ತಿ ಪರಿಣಾಮದ್ದು. ಅದನ್ನು ನೋಡುವ ಮೊದಲು ಹಳೆಯ ಮನೆಗೆ ಒಂದು ಸುತ್ತು ಹೋಗಿ ಬರಬೇಕು.

ಒಂದು ಭಾನುವಾರ ರಾತ್ರಿ

ಎನ್‌ಬಿಸಿ ಹುಟ್ಟಿದ್ದು 1926ರಲ್ಲಿ, ಸಿಬಿಎಸ್ 1927ರಲ್ಲಿ. ಎರಡೂ ರೇಡಿಯೋ ಕಂಪನಿಗಳು. ಎನ್‌ಬಿಸಿಯ ಒಡೆಯ ಆರ್‌ಸಿಎ. ರೇಡಿಯೋ ಪೆಟ್ಟಿಗೆ ಮಾರುವ ಕಂಪನಿ. ಪೆಟ್ಟಿಗೆ ಮಾರಾಟವಾಗಬೇಕಾದರೆ ಅದರಲ್ಲಿ ಕೇಳಲು ಏನಾದರೂ ಇರಬೇಕಲ್ಲ! ಎನ್‌ಬಿಸಿಗೆ ರೆಡ್, ಬ್ಲೂ ಅಂತ ಎರಡು ಜಾಲಗಳಿದ್ದವು. ಒಬ್ಬರ ಕೈಯಲ್ಲಿ ಎರಡು ಜಾಲ ಬೇಡ ಅಂತ ಸರ್ಕಾರದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಪಟ್ಟು ಹಿಡಿಯಿತು. 1943ರಲ್ಲಿ ಸುಪ್ರೀಂ ಕೋರ್ಟೂ ಎಫ್‌ಸಿಸಿ ಪರ ನಿಂತಿತು. ಬ್ಲೂ ಜಾಲವನ್ನು ಎಡ್ವರ್ಡ್ ನೋಬಲ್ ಎಂಬ ಪೆಪ್ಪರ್‌ಮಿಂಟ್ ವ್ಯಾಪಾರಿ 80 ಲಕ್ಷ ಡಾಲರ್‌ಗೆ ಕೊಂಡರು. ಅದೇ ಮುಂದೆ ಎಬಿಸಿ ಆಯಿತು. ಹಾಗೆ ನೋಡಿದರೆ ಅಮೆರಿಕದ ಮೂರೂ ಹಳೆಯ ಟಿವಿ ಜಾಲಗಳು ರೇಡಿಯೋದ ಮಕ್ಕಳು.

ಶುರುವಿನಲ್ಲಿ ರೇಡಿಯೋಗೆ ಸುದ್ದಿ ಮುಖ್ಯವೇ ಆಗಿರಲಿಲ್ಲ. ಪತ್ರಿಕೆಯವರಿಗಂತೂ ರೇಡಿಯೋ ಸುದ್ದಿ ಅಂದರೆ ಹೊಟ್ಟೆಯಲ್ಲಿ ಬೆಂಕಿ. 1933ರ ಕೊನೆಗೆ ನ್ಯೂಯಾರ್ಕಿನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ಕೂತು ಒಂದು ಒಪ್ಪಂದ ಬರೆಸಿಕೊಂಡರು: ದಿನಕ್ಕೆ ಐದೈದು ನಿಮಿಷದ ಎರಡೇ ಬುಲೆಟಿನ್, ಅದೂ ಬೆಳಗಿನ ಪೇಪರ್ ಓದಿ ಮುಗಿಯುವ ಹೊತ್ತಿಗೆ ಒಂದು, ರಾತ್ರಿ ಒಂಬತ್ತರ ನಂತರ ಇನ್ನೊಂದು. ಅದು ಹೆಚ್ಚು ದಿನ ಬಾಳಲಿಲ್ಲ.

1938ರ ಮಾರ್ಚ್ 12ರಂದು ಹಿಟ್ಲರನ ಸೇನೆ ಆಸ್ಟ್ರಿಯಾಗೆ ನುಗ್ಗಿತು. ಆಗ ಯುರೋಪಿನಲ್ಲಿ ಸಿಬಿಎಸ್‌ಗೆ ಇದ್ದವರು ಮುಖ್ಯವಾಗಿ ಇಬ್ಬರು: ಎಡ್ವರ್ಡ್ ಮರೋ ಮತ್ತು ವಿಲಿಯಂ ಶೈರರ್. ಅವರ ಕೆಲಸ ವರದಿ ಮಾಡುವುದಾಗಿರಲಿಲ್ಲ, ಭಾಷಣ, ಸಂಗೀತ ಏರ್ಪಡಿಸಿಕೊಡುವುದು. ಮರೋ ಆ ಹೊತ್ತಿಗೆ ಪೋಲೆಂಡಿನಲ್ಲಿ ಶಾಲಾ ಮಕ್ಕಳ ಕಾರ್ಯಕ್ರಮಕ್ಕೆ ಓಡಾಡುತ್ತಿದ್ದರು! ಶೈರರ್ ವಿಯೆನ್ನಾದಲ್ಲಿದ್ದರು, ಆದರೆ ಅಲ್ಲಿಂದ ಪ್ರಸಾರ ಮಾಡಲು ಬಿಡಲಿಲ್ಲ. ಅವರು ಲಂಡನ್‌ಗೆ ಹಾರಿದರು. ಮರೋ ಒಂದು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು, ಒಬ್ಬರೇ ಕೂತು ವಿಯೆನ್ನಾಗೆ ಬಂದರು.

ಮಾರನೆಯ ದಿನ, ಮಾರ್ಚ್ 13, ಭಾನುವಾರ. ಲಂಡನ್, ಪ್ಯಾರಿಸ್, ಬರ್ಲಿನ್, ರೋಮ್, ವಿಯೆನ್ನಾ ಎಲ್ಲ ಕಡೆಯಿಂದ ಒಂದೇ ಅರ್ಧ ಗಂಟೆಯಲ್ಲಿ ವರದಿ ಬೇಕು ಅಂತ ನ್ಯೂಯಾರ್ಕ್ ಕೇಳಿತು. ಕೈಯಲ್ಲಿದ್ದದ್ದು ಕೆಲವೇ ಗಂಟೆ. ರಜಾ ದಿನ, ಎಂಜಿನಿಯರುಗಳು ಮನೆಯಲ್ಲಿ. ದನಿ ಹೋಗಬೇಕಾದದ್ದು ಶಾರ್ಟ್‌ವೇವ್ ಮೇಲೆ. ಎಲ್ಲರೂ ಗಡಿಯಾರ ಸರಿಮಾಡಿಕೊಂಡು, ತಮ್ಮ ನಿಮಿಷ ಬಂದಾಗ ಮಾತಾಡಬೇಕು. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟು ಹೊಡೆಯಿತು. ರಾಬರ್ಟ್ ಟ್ರೌಟ್ ನಡುವೆ ಕೂತು ಒಬ್ಬೊಬ್ಬರನ್ನೇ ಕರೆದರು. ಲಂಡನ್‌ನಿಂದ ಶೈರರ್, ವಿಯೆನ್ನಾದಿಂದ ಮರೋ. ರೋಮ್‌ನಲ್ಲಿದ್ದವರಿಗೆ ಟ್ರಾನ್ಸ್‌ಮಿಟರ್ ಸಿಗಲೇ ಇಲ್ಲ. ಅವರು ಬರೆದದ್ದನ್ನು ಫೋನಿನಲ್ಲಿ ಲಂಡನ್‌ಗೆ ಹೇಳಿದರು, ಶೈರರ್ ಅದನ್ನು ಓದಿದರು. ‘ವರ್ಲ್ಡ್ ನ್ಯೂಸ್ ರೌಂಡಪ್’ ಹುಟ್ಟಿದ್ದು ಹೀಗೆ.

ಇವತ್ತು ಯಾವುದೇ ದೇಶದ ಟಿವಿ ಸುದ್ದಿ ನೋಡಿ. ನಡುವೆ ಒಬ್ಬರು ಕೂತಿರುತ್ತಾರೆ. ‘ಹೆಚ್ಚಿನ ಮಾಹಿತಿಗೆ ನಮ್ಮ ಪ್ರತಿನಿಧಿ...’ ಅಂತ ಒಂದೊಂದು ಊರಿಗೆ ದನಿ ಎಸೆಯುತ್ತಾರೆ. ಬೆಂಗಳೂರಿನ ಸ್ಟುಡಿಯೋದಿಂದ ಬೆಳಗಾವಿಗೆ, ಬೆಳಗಾವಿಯಿಂದ ದೆಹಲಿಗೆ. ಆ ಏರ್ಪಾಡಿಗೆ ಕ್ಯಾಮೆರಾದ ಹಂಗೇ ಇಲ್ಲ. ಅದು ಆ ಭಾನುವಾರದ ರಾತ್ರಿ ರೇಡಿಯೋದಲ್ಲಿ ಗಟ್ಟಿಯಾದ ಮಾದರಿ. ಟಿವಿ ಅದಕ್ಕೆ ಚಿತ್ರ ಅಂಟಿಸಿಕೊಂಡಿತು.

ಕ್ಯಾಮೆರಾ ಬಿಸಿಯಾಗುವವರೆಗೆ

ಟಿವಿ ಬಂದ ಹೊಸದರಲ್ಲಿ ರೇಡಿಯೋ ಸುದ್ದಿಯವರಿಗೆ ಅದರ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಹೆಸರು, ಸಂಬಳ, ಕೇಳುಗರು ಎಲ್ಲ ಇದ್ದದ್ದು ರೇಡಿಯೋದಲ್ಲಿ. 1948ರಲ್ಲಿ ಸಿಬಿಎಸ್ ಟಿವಿ ಸುದ್ದಿಗೆ ಕೂತ ಡಗ್ಲಸ್ ಎಡ್ವರ್ಡ್ಸ್ ರೇಡಿಯೋದಿಂದ ಬಂದವರೇ. ಟಿವಿ ಕಟ್ಟಲು ಬೇಕಾದ ಹಣವೂ ರೇಡಿಯೋ ಲಾಭದಿಂದ ಬಂತು. ತಾಯಿ ಒಡವೆ ಮಾರಿ ಮಗನನ್ನು ಓದಿಸಿದ ಹಾಗೆ.

ಕಾರ್ಯಕ್ರಮಗಳೂ ಹಾಗೇ ದಾಟಿದವು. ‘ಮೀಟ್ ದ ಪ್ರೆಸ್’ 1945ರಲ್ಲಿ ಮ್ಯೂಚುಯಲ್ ರೇಡಿಯೋ ಜಾಲದಲ್ಲಿ ಶುರುವಾಯಿತು. 1947ರ ನವೆಂಬರ್‌ನಲ್ಲಿ ಎನ್‌ಬಿಸಿ ಟಿವಿಗೆ ಬಂತು. ಅಮೆರಿಕದ ಟಿವಿಯಲ್ಲಿ ಅದಕ್ಕಿಂತ ಹೆಚ್ಚು ವರ್ಷ ನಡೆದ ಕಾರ್ಯಕ್ರಮ ಇನ್ನೊಂದಿಲ್ಲ. ಮರೋ ಮತ್ತು ಫ್ರೆಡ್ ಫ್ರೆಂಡ್ಲಿ 1950ರಲ್ಲಿ ರೇಡಿಯೋಗೆ ‘ಹಿಯರ್ ಇಟ್ ನೌ’ ಮಾಡಿದರು. ಮರುವರ್ಷ ಅದೇ ‘ಸೀ ಇಟ್ ನೌ’ ಆಗಿ ಟಿವಿಗೆ ಹೋಯಿತು. ‘ಕೇಳಿ’ ಹೋಗಿ ‘ನೋಡಿ’ ಬಂತು, ಅಷ್ಟೇ ವ್ಯತ್ಯಾಸ. 1951ರ ನವೆಂಬರ್ 18ರ ಮೊದಲ ಕಂತಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ, ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಎರಡನ್ನೂ ಒಟ್ಟಿಗೆ, ನೇರ ತೋರಿಸಿದರು. ದೇಶದ ಎರಡು ತುದಿ, ಒಂದೇ ಹೊತ್ತು. ಆದರೂ ಮರೋ ರೇಡಿಯೋ ಬಿಡಲಿಲ್ಲ. ತಮ್ಮ ರಾತ್ರಿ ಸುದ್ದಿಯನ್ನು 1950ರ ದಶಕದ ಕೊನೆಯವರೆಗೂ ಓದಿದರು.

ಎನ್‌ಬಿಸಿಯ ಆ ಮೂರು ಸ್ವರದ ಗಂಟೆ ಸದ್ದು ನೆನಪಿದೆಯಾ? ನವಿಲಿನ ಲೋಗೋ ಜೊತೆ ಬರುವುದು. ಅದರ ಮೂಲ ಕೆಲಸ ಕೇಳುಗರಿಗಾಗಿ ಇರಲೇ ಇಲ್ಲ. ಜಾಲದ ಕಾರ್ಯಕ್ರಮ ಮುಗಿಯಿತು, ಈಗ ನಿಮ್ಮ ಊರಿನ ಪ್ರಸಾರಕ್ಕೆ ಬದಲಾಯಿಸಿಕೊಳ್ಳಿ ಅಂತ ಸ್ಟೇಷನ್ನುಗಳಿಗೆ ಕೊಡುತ್ತಿದ್ದ ಸಂಜ್ಞೆ ಅದು. ರೇಡಿಯೋ ತಂತ್ರಜ್ಞರ ಕಣ್ಸನ್ನೆ ಇದ್ದ ಹಾಗೆ. ಅದೀಗ ಒಂದು ಟಿವಿ ಕಂಪನಿಯ ಗುರುತು.

ಈ ಎರಡೂ ಎಷ್ಟು ಹತ್ತಿರ ಇದ್ದವು ಅಂತ ನೋಡಬೇಕಾದರೆ 1963ರ ನವೆಂಬರ್ 22ಕ್ಕೆ ಹೋಗಬೇಕು. ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಮೇಲೆ ಗುಂಡು ಹಾರಿದ್ದು ಅಲ್ಲಿನ ಸಮಯ ಮಧ್ಯಾಹ್ನ 12.30ಕ್ಕೆ. ಎಬಿಸಿ ರೇಡಿಯೋದಲ್ಲಿ ಆರೇ ನಿಮಿಷಕ್ಕೆ ಸುದ್ದಿ ಬಂತು. ಸಿಬಿಎಸ್ ಟಿವಿಯಲ್ಲಿ ಹತ್ತು ನಿಮಿಷಕ್ಕೆ ಧಾರಾವಾಹಿ ನಿಂತು, ಪರದೆ ಮೇಲೆ ‘ಬುಲೆಟಿನ್’ ಅಂತ ಒಂದು ಸ್ಲೈಡ್ ಮಾತ್ರ ಕಾಣಿಸಿತು. ಹಿಂದಿನಿಂದ ಸಿಬಿಎಸ್ ಟಿವಿ ಸುದ್ದಿ ಓದುವ ವಾಲ್ಟರ್ ಕ್ರಾಂಕೈಟ್ ದನಿ. ಮುಖವಿಲ್ಲ. ಯಾಕೆಂದರೆ ಆ ಕಾಲದ ಟಿವಿ ಕ್ಯಾಮೆರಾ ಹಚ್ಚಿದ ಕೂಡಲೇ ಕೆಲಸ ಮಾಡುತ್ತಿರಲಿಲ್ಲ. ಒಳಗಿನ ಟ್ಯೂಬು ಬಿಸಿಯಾಗಲು ಬಹಳ ಹೊತ್ತು ಬೇಕು. ಇಡೀ ಅಮೆರಿಕ ಟಿವಿ ಮುಂದೆ ಕೂತು, ಟಿವಿಯಲ್ಲಿ ರೇಡಿಯೋ ಕೇಳಿತು.

ಸಾವಿನ ಸುದ್ದಿ ಬಂದಾಗ ಇನ್ನೊಂದು ಸಂಗತಿ ನಡೆಯಿತು. ಡಲ್ಲಾಸ್‌ನಲ್ಲಿದ್ದ ಸಿಬಿಎಸ್ ವರದಿಗಾರ ಡ್ಯಾನ್ ರಾದರ್ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಸಿಬಿಎಸ್ ರೇಡಿಯೋ ‘ಅಧ್ಯಕ್ಷರು ತೀರಿಕೊಂಡರು’ ಅಂತ ಘೋಷಿಸಿಬಿಟ್ಟಿತು. ಟಿವಿಯಲ್ಲಿ ಕ್ರಾಂಕೈಟ್ ಅದೇ ಮಾತನ್ನು ‘ಇನ್ನೂ ಅಧಿಕೃತವಲ್ಲ’ ಅಂತ ಹೇಳುತ್ತ ಕಾದರು. ಅಧಿಕೃತ ಸುದ್ದಿ ಬಂದ ಮೇಲೆ ಕನ್ನಡಕ ತೆಗೆದು, ಗೋಡೆ ಗಡಿಯಾರ ನೋಡಿ, ಸಮಯ ಹೇಳಿದರು. ಒಬ್ಬನೇ ವರದಿಗಾರ, ಒಂದೇ ಫೋನು, ಒಂದೇ ಕಂಪನಿ. ಎರಡು ಮೇಜುಗಳಲ್ಲಿ ಎರಡು ತೀರ್ಮಾನ. ಜನರಿಗೆ ನೆನಪಿರುವುದು ಕ್ರಾಂಕೈಟ್ ಕನ್ನಡಕ. ರೇಡಿಯೋ ಮುಂಚೆ ಹೇಳಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಒಂದೇ ಹಿಟ್ಟು

ಗಂಟೆಗೊಮ್ಮೆ ಬರುವ ಆ ಐದಾರು ನಿಮಿಷದ ಸುದ್ದಿಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಇಲ್ಲಿ ಹೇಳಿಬಿಡುತ್ತೇನೆ. ಸಣ್ಣ ಊರಿನ ಸ್ಟೇಷನ್‌ಗೆ ವಾಷಿಂಗ್ಟನ್‌ನಲ್ಲಿ, ಟೋಕಿಯೋದಲ್ಲಿ ವರದಿಗಾರರನ್ನು ಇಡಲು ಆಗುವುದಿಲ್ಲ. ಅದು ಯಾವುದಾದರೊಂದು ಜಾಲದ ಸುದ್ದಿ ಹಾಕುತ್ತದೆ. ಎಷ್ಟೋ ಸಲ ರೊಕ್ಕ ಕೊಡುವುದಿಲ್ಲ, ಬದಲಿಗೆ ಜಾಲದ ಜಾಹೀರಾತುಗಳನ್ನು ಪ್ರಸಾರ ಮಾಡುತ್ತದೆ. ಇದಕ್ಕೆ ಅಲ್ಲಿನವರು ಬಾರ್ಟರ್ ಅಂತಾರೆ. ಭತ್ತ ಕೊಟ್ಟು ಉಪ್ಪು ತಗೊಂಡ ಹಾಗೆ. ಒಂದು ಸ್ಟೇಷನ್ನಿನ ಜಾಹೀರಾತಿಗೆ ಬೆಲೆ ಕಡಿಮೆ. ನೂರಾರು ಸ್ಟೇಷನ್ ಸೇರಿಸಿ ಮಾರಿದರೆ ಬೆಲೆ ಬರುತ್ತದೆ.

ಜಾಲಕ್ಕೆ ಇದು ಗಿಟ್ಟುತ್ತಿದ್ದದ್ದು ಹೇಗೆ? ಟಿವಿಗಾಗಿ ವರದಿಗಾರ ಆಗಲೇ ಅಲ್ಲಿದ್ದಾನೆ. ವಿಮಾನದ ಟಿಕೆಟ್ಟು, ಹೋಟೆಲ್ಲು, ಸಂಬಳ ಎಲ್ಲ ಟಿವಿ ಲೆಕ್ಕದಲ್ಲಿ. ಸಂಜೆಯ ಟಿವಿ ವರದಿ ಮಾಡುವ ಮುಂಚೆಯೋ ಆಮೇಲೆಯೋ ರೇಡಿಯೋಗೆ ಮುಕ್ಕಾಲು ನಿಮಿಷ ಮಾತಾಡಿ ಕಳಿಸಿದರೆ ಆಯಿತು. ಮನೆಯಲ್ಲಿ ರುಬ್ಬಿದ ಹಿಟ್ಟು ಇದ್ದರೆ ಬೆಳಗ್ಗೆ ಇಡ್ಲಿ, ಸಂಜೆ ದೋಸೆ. ರುಬ್ಬುವ ಕಷ್ಟ ಒಂದೇ ಸಲ. ಈ ಲೆಕ್ಕವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವರಿಗಂತೂ ರೇಡಿಯೋ ದಂಡದ ಕೆಲಸವಾಗಿರಲಿಲ್ಲ, ಪ್ರೀತಿಯದಾಗಿತ್ತು. ಚಾರ್ಲ್ಸ್ ಆಸ್‌ಗುಡ್ 1994ರಿಂದ 2016ರವರೆಗೆ ಸಿಬಿಎಸ್ ಟಿವಿಯಲ್ಲಿ ‘ಸಂಡೇ ಮಾರ್ನಿಂಗ್’ ನಡೆಸಿದರು. ಜೊತೆಗೆ ರೇಡಿಯೋದಲ್ಲಿ ‘ದ ಆಸ್‌ಗುಡ್ ಫೈಲ್’ ಎಂಬ ಪುಟ್ಟ ಕಾರ್ಯಕ್ರಮ. ಟಿವಿ ಕಾರ್ಯಕ್ರಮ ಮುಗಿಸುವಾಗ ಅವರು ಹೇಳುತ್ತಿದ್ದ ಮಾತು: ‘ರೇಡಿಯೋದಲ್ಲಿ ಸಿಗೋಣ, ನೋಡೋಣ.’ ರೇಡಿಯೋದಲ್ಲಿ ನೋಡುವುದೇನು ಅಂತ ಯಾರೂ ಕೇಳಲಿಲ್ಲ. ಸಿಬಿಎಸ್ ಟಿವಿಯ ‘60 ಮಿನಿಟ್ಸ್’ ಸುದ್ದಿ ಕಾರ್ಯಕ್ರಮದ ಬರೀ ದನಿಯನ್ನು ಹಲವು ರೇಡಿಯೋ ಸ್ಟೇಷನ್‌ಗಳು ಭಾನುವಾರ ಪ್ರಸಾರ ಮಾಡುತ್ತಿದ್ದವು. ಕಾರಿನಲ್ಲಿ ಕೂತು ಕೇಳಿದರೂ ಅದಕ್ಕೇನೂ ಕಮ್ಮಿಯಾಗುವುದಿಲ್ಲ. ಅದರ ಗುರುತೇ ಗಡಿಯಾರದ ಟಿಕ್ ಟಿಕ್ ಸದ್ದು. ಮೊದಲಿನಿಂದಲೂ ಅದು ಕಣ್ಣಿಗಿಂತ ಕಿವಿಗೆ ಬರೆದ ಕಾರ್ಯಕ್ರಮ ಅಂತ ನನಗೆ ಅನಿಸುತ್ತದೆ.

ಪಾಲು

1970ರಲ್ಲಿ ಎಫ್‌ಸಿಸಿ ಒಂದು ನಿಯಮ ಮಾಡಿತು. ಒಂದೇ ಊರಿನಲ್ಲಿ ಟಿವಿ, ರೇಡಿಯೋ ಎರಡನ್ನೂ ಒಬ್ಬರೇ ಹೊಸದಾಗಿ ಕೂಡಿಸಿಕೊಳ್ಳುವಂತಿಲ್ಲ. ಆಗಲೇ ಇದ್ದವರು ಹಾಗೇ ಮುಂದುವರಿಯಬಹುದು. ಆದರೆ ಮಾಲೀಕ ಬದಲಾದರೆ? 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಆರ್‌ಸಿಎಯನ್ನು ಕೊಂಡಿತು. ಎನ್‌ಬಿಸಿಯೂ ಜೊತೆಗೆ ಬಂತು. ಬಲ್ಬು, ಫ್ರಿಜ್, ವಿಮಾನದ ಎಂಜಿನ್ ಮಾಡುವವರಿಗೆ ರೇಡಿಯೋ ಮೇಲೆ ವ್ಯಾಮೋಹ ಎಲ್ಲಿಂದ ಬರಬೇಕು? 1987ರಲ್ಲಿ ಎನ್‌ಬಿಸಿ ರೇಡಿಯೋ ಜಾಲವನ್ನು 5 ಕೋಟಿ ಡಾಲರ್‌ಗೆ ವೆಸ್ಟ್‌ವುಡ್ ಒನ್ ಕಂಪನಿಗೆ ಮಾರಿದರು. ಸ್ಟೇಷನ್‌ಗಳನ್ನು ಒಂದೊಂದಾಗಿ ಮಾರಿದರು. 1988ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಡಬ್ಲ್ಯುಎನ್‌ಬಿಸಿ ಮುಚ್ಚಿತು, ಆ ತರಂಗಾಂತರಕ್ಕೆ ಕ್ರೀಡಾ ಸ್ಟೇಷನ್ ಬಂತು. ಅಮೆರಿಕದ ಮೊದಲ ದೊಡ್ಡ ರೇಡಿಯೋ ಜಾಲ ಕಟ್ಟಿದವರ ಬಳಿ ರೇಡಿಯೋವೇ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು, ಆ ಹೆಸರಿಗೆ ಬೆಲೆ ಇತ್ತು.

1996ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ದೇಶದಲ್ಲಿ ಒಬ್ಬರು ಎಷ್ಟು ರೇಡಿಯೋ ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬ ಮಿತಿಯೇ ಹೋಯಿತು. ಈಗ ಐಹಾರ್ಟ್ ಅನ್ನಿಸಿಕೊಳ್ಳುವ ಕ್ಲಿಯರ್ ಚಾನೆಲ್ ಕೆಲವೇ ವರ್ಷದಲ್ಲಿ 1,200ರ ಆಸುಪಾಸು ಸ್ಟೇಷನ್‌ಗಳ ಒಡೆಯನಾಯಿತು. ಸಾಲ ಮಾಡಿ ಕೊಂಡದ್ದು. ಆ ಸಾಲ ಮುಂದೆ ಕುತ್ತಿಗೆಗೆ ಬಂದು 2018ರಲ್ಲಿ ಕಂಪನಿ ದಿವಾಳಿ ಕಾನೂನಿನ ಆಸರೆ ಪಡೆಯಿತು. ಕ್ಯುಮ್ಯುಲಸ್ ಎಂಬ ಇನ್ನೊಂದು ರೇಡಿಯೋ ಕಂಪನಿ ಅದಕ್ಕಿಂತ ಸ್ವಲ್ಪ ಮುಂಚೆ, 2017ರಲ್ಲಿ. ಮೂರನೆಯದು ಆಡಸಿ, 2024ರಲ್ಲಿ. ದೊಡ್ಡ ಮೂವರೂ ಅದೇ ಹಾದಿ.

ಎಬಿಸಿಯದು ಸ್ವಾರಸ್ಯದ ಪ್ರಕರಣ. 2007ರಲ್ಲಿ ಡಿಸ್ನಿ ಕಂಪನಿ ಎಬಿಸಿಯ ರೇಡಿಯೋ ಸ್ಟೇಷನ್‌ಗಳನ್ನು, ಜಾಲವನ್ನು ಸಿಟಡೆಲ್ ಎಂಬ ರೇಡಿಯೋ ಕಂಪನಿಗೆ ಕೊಟ್ಟಿತು. ಎಬಿಸಿ ನ್ಯೂಸ್ ರೇಡಿಯೋವನ್ನು ಮಾತ್ರ ಕೊಡಲಿಲ್ಲ. ಯಾಕೆ? ಹಿಟ್ಟಿನ ಲೆಕ್ಕ! ಟಿವಿಗಾಗಿ ರುಬ್ಬಿದ್ದು ಹೇಗೂ ಇದೆ, ದೋಸೆ ಹುಯ್ಯಲು ಇನ್ನೆಷ್ಟು ಖರ್ಚು? ಗೂಡಂಗಡಿ ಮಾರಿ ಹಿಟ್ಟು ಉಳಿಸಿಕೊಂಡರು. ಹಂಚುವ ಕೆಲಸ ಬೇರೆಯವರಿಗೆ: ಮೊದಲು ಸಿಟಡೆಲ್, ಆಮೇಲೆ ಅದನ್ನು ನುಂಗಿದ ಕ್ಯುಮ್ಯುಲಸ್, 2015ರಿಂದ ಸ್ಕೈವ್ಯೂ. ಎಬಿಸಿ ಕೈಬಿಟ್ಟ ಮೇಲೆ ಕ್ಯುಮ್ಯುಲಸ್ ಸುಮ್ನೆ ಕೂರಲಿಲ್ಲ. ಸಿಎನ್‌ಎನ್ ಸಾಮಗ್ರಿ ತಗೊಂಡು ವೆಸ್ಟ್‌ವುಡ್ ಒನ್ ನ್ಯೂಸ್ ಅಂತ ತನ್ನದೇ ಸುದ್ದಿ ಶುರುಮಾಡಿತು. 2020ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿತು. ಟಿವಿಯ ಒಲೆ ಇಲ್ಲದೆ ರೇಡಿಯೋ ಸುದ್ದಿಜಾಲವನ್ನು ಹೊಸದಾಗಿ ನಿಲ್ಲಿಸುವುದು ಎಷ್ಟು ಕಷ್ಟ ಅಂತ ಅಲ್ಲಿಗೆ ಗೊತ್ತಾಯಿತು.

ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಕತೆ ಇನ್ನೂ ಮಜಾ. ಟಿವಿ ಸ್ಟೇಷನ್ನಿಗೂ ಅದೇ ಹೆಸರು, ರೇಡಿಯೋಗೂ ಅದೇ ಹೆಸರು. ಟಿವಿ ಡಿಸ್ನಿಯದು. ರೇಡಿಯೋವನ್ನು 2020ರಲ್ಲಿ ಕೊಂಡದ್ದು ಜಾನ್ ಕ್ಯಾಟ್ಸಿಮಟಿಡಿಸ್, ಆ ಊರಿನ ದಿನಸಿ ಅಂಗಡಿಗಳ ಮಾಲೀಕರು.

ಸಿಬಿಎಸ್ ಎಲ್ಲರಿಗಿಂತ ತಡವಾಗಿ ಕೈತೊಳೆದುಕೊಂಡಿತು. 2017ರ ನವೆಂಬರ್‌ನಲ್ಲಿ ಅದರ ರೇಡಿಯೋ ಸ್ಟೇಷನ್‌ಗಳು ಎಂಟರ್‌ಕಾಮ್ ಕಂಪನಿಯ ಜೊತೆ ಸೇರಿಹೋದವು. 2021ರಲ್ಲಿ ಎಂಟರ್‌ಕಾಮ್ ತನ್ನ ಹೆಸರನ್ನು ಆಡಸಿ ಅಂತ ಬದಲಿಸಿಕೊಂಡಿತು. ಹೀಗಾಗಿ ಸ್ಯಾನ್ ಫ್ರಾನ್ಸಿಸ್ಕೋದ ಕೆಸಿಬಿಎಸ್ ರೇಡಿಯೋ ಸಿಬಿಎಸ್‌ನದಲ್ಲ.

ನನಗೆ ಬೇಸರ ತರಿಸುವುದು ಡಬ್ಲ್ಯುಸಿಬಿಎಸ್ 880. ನ್ಯೂಯಾರ್ಕಿನಲ್ಲಿ ದಿನವಿಡೀ ಸುದ್ದಿ ಕೊಡುತ್ತಿದ್ದ ಸ್ಟೇಷನ್. 1967ರ ಆಗಸ್ಟ್ 28ಕ್ಕೆ ಶುರುವಾಗಬೇಕಿತ್ತು. ಹಿಂದಿನ ದಿನ ಒಂದು ಪುಟ್ಟ ವಿಮಾನ ಬಂದು ಅದರ ಟವರ್‌ಗೆ ಗುದ್ದಿ, ಟವರ್ ಕೆಳಗೆ ಬಿತ್ತು. ಆದರೂ ನಿಲ್ಲಿಸಲಿಲ್ಲ. ಎಎಂ ಸ್ಟೇಷನ್ನನ್ನು ಎಫ್‌ಎಂ ಮೇಲೆ ಶುರು ಮಾಡಿದರು. ಇನ್ನೊಂದು ಕಡೆ ಡಬ್ಲ್ಯುಐಎನ್‌ಎಸ್ ಆಗಲೇ 1965ರಿಂದ ಅದೇ ಕೆಲಸ ಮಾಡುತ್ತಿತ್ತು. ‘ನಮಗೆ 22 ನಿಮಿಷ ಕೊಡಿ, ನಿಮಗೆ ಜಗತ್ತು ಕೊಡುತ್ತೇವೆ’ ಅಂತ ಅದರ ಘೋಷಣೆ. ಇಬ್ಬರೂ ಹತ್ತಿರಹತ್ತಿರ ಮೂವತ್ತು ವರ್ಷ ಪೈಪೋಟಿ ಮಾಡಿದರು. 1995ರಲ್ಲಿ ಡಬ್ಲ್ಯುಐಎನ್‌ಎಸ್ ಒಡೆಯರಾದ ವೆಸ್ಟಿಂಗ್‌ಹೌಸ್ ಸಿಬಿಎಸ್ಸನ್ನೇ ಕೊಂಡರು. ಅಲ್ಲಿಗೆ ಎರಡೂ ಒಂದೇ ಮನೆಗೆ ಬಂದವು. ಒಂದೇ ಊರು, ಒಬ್ಬನೇ ಒಡೆಯ, ಎರಡು ಸುದ್ದಿ ಸ್ಟೇಷನ್. ಯಾವತ್ತೋ ಒಂದು ದಿನ ಒಂದು ಹೋಗಲೇಬೇಕಿತ್ತು. 2024ರ ಆಗಸ್ಟ್ ಕೊನೆಗೆ ಡಬ್ಲ್ಯುಸಿಬಿಎಸ್ ಸುದ್ದಿ ನಿಂತಿತು. 57 ವರ್ಷ. ಆ ಜಾಗದಲ್ಲಿ ಇಎಸ್‌ಪಿಎನ್ ಹೆಸರಿನ ಕ್ರೀಡಾ ಹರಟೆ ಬಂತು. ಅದೂ ಬೋರ್ಡು ಒಬ್ಬರದು, ಅಂಗಡಿ ಇನ್ನೊಬ್ಬರದು.

ಹೋದದ್ದು ಬರೀ ಆಸ್ತಿ ಆಗಿದ್ದರೆ ಅಳಬೇಕಾಗಿರಲಿಲ್ಲ. ಹೋದದ್ದು ಊರಿನ ವರದಿಗಾರರು. ರಾಷ್ಟ್ರಮಟ್ಟದ ಐದು ನಿಮಿಷ ಯಾರಾದರೂ ಕೊಡುತ್ತಾರೆ. ನಗರ ಪಾಲಿಕೆ ಸಭೆಗೆ ರೆಕಾರ್ಡರ್ ಹಿಡಿದು ಹೋಗುವವರು ಯಾರು? ಟಿವಿ, ರೇಡಿಯೋ ಒಂದೇ ಕಟ್ಟಡದಲ್ಲಿದ್ದಾಗ ಮಹಡಿ ಇಳಿದು ಹೋಗಿ ‘ಏನಪ್ಪಾ, ನಿನಗೆ ಸಿಕ್ಕಿದ್ದನ್ನ ಸ್ವಲ್ಪ ಕೊಡು’ ಅಂತ ಕೇಳಬಹುದಿತ್ತು.

ಹಿತ್ತಲ ಬಾಗಿಲು

ಈಗ ಇನ್ನೊಂದು ನಂಟು. 1949ರಿಂದ ಅಮೆರಿಕದ ಪ್ರಸಾರಕರಿಗೆ ‘ಫೇರ್‌ನೆಸ್ ಡಾಕ್ಟ್ರಿನ್’ ಎಂಬ ಕಟ್ಟಳೆ ಇತ್ತು. ವಿವಾದದ ವಿಷಯಗಳನ್ನು ಚರ್ಚಿಸಬೇಕು, ಬೇರೆಬೇರೆ ಅಭಿಪ್ರಾಯಕ್ಕೆ ಜಾಗ ಕೊಡಬೇಕು. 1987ರ ಆಗಸ್ಟ್‌ನಲ್ಲಿ ಎಫ್‌ಸಿಸಿ ಅದನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಸಂಗೀತವೆಲ್ಲ ಎಎಂ ಬಿಟ್ಟು ಎಫ್‌ಎಂಗೆ ಹೋಗಿತ್ತು. ಎಎಂ ಸ್ಟೇಷನ್‌ಗಳಿಗೆ ದಿನ ತುಂಬಿಸಲು ಏನಾದರೂ ಬೇಕಿತ್ತು, ಕಡಿಮೆ ಖರ್ಚಿನಲ್ಲಿ. ಉಪಗ್ರಹದ ಮೂಲಕ ಒಂದೇ ಕಾರ್ಯಕ್ರಮವನ್ನು ನೂರು ಊರಿಗೆ ಕಳಿಸುವುದು ಅಗ್ಗವಾಗಿತ್ತು.

1988ರ ಆಗಸ್ಟ್ 1ರಂದು ರಷ್ ಲಿಂಬಾ ಎಂಬ ಬಲಪಂಥೀಯ ಮಾತುಗಾರ ನ್ಯೂಯಾರ್ಕಿನಿಂದ ದೇಶಕ್ಕೆಲ್ಲ ಮಾತಾಡಲು ಶುರು ಮಾಡಿದರು. ಅವರನ್ನು ಮಾರುಕಟ್ಟೆಗೆ ತಂದವರು ಎಡ್ ಮೆಕ್‌ಲಾಗ್ಲಿನ್, ಎಬಿಸಿ ರೇಡಿಯೋ ಜಾಲದ ಮಾಜಿ ಅಧ್ಯಕ್ಷರು. ಅದೇ ಬಾರ್ಟರ್ ವ್ಯಾಪಾರ, ಸುದ್ದಿಯ ಬದಲು ಅಭಿಪ್ರಾಯ. ಐದು ನಿಮಿಷದ ಬದಲು ದಿನಕ್ಕೆ ಮೂರು ಗಂಟೆ.

1992ರಲ್ಲಿ ಲಿಂಬಾ ಟಿವಿಗೂ ಬಂದರು. ಆ ಕಾರ್ಯಕ್ರಮದ ನಿರ್ಮಾಪಕರು ರಾಜರ್ ಏಲ್ಸ್. 1996ರಲ್ಲಿ ಅದು ಮುಗಿಯಿತು. ಅದೇ ವರ್ಷ ಅಕ್ಟೋಬರ್ 7ರಂದು ಫಾಕ್ಸ್ ನ್ಯೂಸ್ ಎಂಬ ಕೇಬಲ್ ಸುದ್ದಿ ಚಾನೆಲ್ ಶುರುವಾಯಿತು, ಅದರ ಮುಖ್ಯಸ್ಥರು ಅದೇ ಏಲ್ಸ್. ಅಟ್ಲಾಂಟಾದಲ್ಲಿ ರೇಡಿಯೋ ಹರಟೆ ನಡೆಸುತ್ತಿದ್ದ ಶಾನ್ ಹ್ಯಾನಿಟಿ ಮೊದಲ ದಿನದಿಂದಲೇ ಅಲ್ಲಿದ್ದರು. ಎಡಪಂಥೀಯರ ಕಡೆಯೂ ಇದೇ. ರೇಚಲ್ ಮ್ಯಾಡೋ ಮ್ಯಾಸಚೂಸೆಟ್ಸ್‌ನ ಸಣ್ಣ ರೇಡಿಯೋದಿಂದ ಬಂದು, 2004ರಲ್ಲಿ ಏರ್ ಅಮೆರಿಕ ಜಾಲ ಸೇರಿ, 2008ರಲ್ಲಿ ಎಂಎಸ್‌ಎನ್‌ಬಿಸಿ ಎಂಬ ಕೇಬಲ್ ಸುದ್ದಿ ಚಾನೆಲ್‌ನಲ್ಲಿ ಕಾರ್ಯಕ್ರಮ ಪಡೆದರು. ಏರ್ ಅಮೆರಿಕ 2010ರಲ್ಲಿ ಮುಚ್ಚಿತು, ಮ್ಯಾಡೋ ಬೆಳೆದರು. ಗ್ಲೆನ್ ಬೆಕ್ ರೇಡಿಯೋದಿಂದ ಸಿಎನ್‌ಎನ್‌ನ ಹೆಡ್‌ಲೈನ್ ನ್ಯೂಸ್‌ಗೆ, ಅಲ್ಲಿಂದ ಫಾಕ್ಸ್‌ಗೆ ಹೋದರು.

ರಾತ್ರಿ ಎಂಟರ ನಂತರದ ಅಮೆರಿಕನ್ ಕೇಬಲ್ ಸುದ್ದಿಯನ್ನು ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ಒಬ್ಬ ವ್ಯಕ್ತಿಯ ಹೆಸರು, ದಿನಾ ಅದೇ ಹೊತ್ತು. ಮೊದಲ ಹತ್ತು ನಿಮಿಷ ಅವರೊಬ್ಬರದೇ ಮಾತು. ‘ಅವರು’ ಏನು ಮಾಡುತ್ತಿದ್ದಾರೆ, ‘ನಾವು’ ಹೇಗೆ ಮೋಸಹೋಗುತ್ತಿದ್ದೇವೆ. ಕಿವಿಯ ಹತ್ತಿರ ಬಂದು ಹೇಳುವ ಸಲಿಗೆ. ವರದಿ ಬರುವುದು ಆ ಮಾತಿಗೆ ಒಗ್ಗರಣೆಯಾಗಿ. ಇದು 1938ರ ರೌಂಡಪ್ ಮಾದರಿ ಅಲ್ಲವೇ ಅಲ್ಲ. ಇದು ಎಎಂ ರೇಡಿಯೋದ ಮಧ್ಯಾಹ್ನ. ಮರೋ ಕಾಲದ ರೇಡಿಯೋ ಟಿವಿಗೆ ವರದಿಗಾರರ ಸರಪಳಿ ಕೊಟ್ಟಿತು. ಲಿಂಬಾ ಕಾಲದ ರೇಡಿಯೋ ಒಂಟಿ ದನಿ ಕೊಟ್ಟಿತು. ಎರಡನೆಯದಕ್ಕೆ ಖರ್ಚು ತುಂಬಾ ಕಡಿಮೆ, ಅದೇ ಅದು ಗೆಲ್ಲಲು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಸಿದ್ಧಾಂತದ ಮಾತು ಆಮೇಲಿನದು.

ಹ್ಯಾನಿಟಿಯವರ ದಿನಚರಿಯನ್ನೇ ನೋಡಿ. ಮಧ್ಯಾಹ್ನ ಮೂರರಿಂದ ಆರು ರೇಡಿಯೋ. ರಾತ್ರಿ ಒಂಬತ್ತಕ್ಕೆ ಟಿವಿ. ರೇಡಿಯೋ ಕಾರ್ಯಕ್ರಮ ಹಂಚುವುದು ಐಹಾರ್ಟ್‌ನ ಪ್ರೀಮಿಯರ್. ಟಿವಿ ಫಾಕ್ಸ್‌ನದು. ಎರಡು ಬೇರೆ ಕಂಪನಿ. ನಂಟು ಇರುವುದು ಆ ಒಂದು ಗಂಟಲಿನಲ್ಲಿ. ಫಾಕ್ಸ್ 2003ರಲ್ಲಿ ತನ್ನದೇ ರೇಡಿಯೋ ಸುದ್ದಿಯನ್ನೂ ಶುರು ಮಾಡಿತು. 2004ರ ಕೊನೆಗೆ ಕ್ಲಿಯರ್ ಚಾನೆಲ್ ತನ್ನ ನೂರಕ್ಕೂ ಹೆಚ್ಚು ಸ್ಟೇಷನ್‌ಗಳಿಗೆ ಅದನ್ನೇ ಆರಿಸಿಕೊಂಡಿತು. ಹಳಬರು ರೇಡಿಯೋದಿಂದ ಹೊರಬರುತ್ತಿದ್ದಾಗ ಟಿವಿಯಲ್ಲೇ ಹುಟ್ಟಿದ ಫಾಕ್ಸ್ ಒಳಗೆ ಹೋಯಿತು.

ಒಂದು ತಪ್ಪು ತಿಳಿವಳಿಕೆ ಇದೆ, ಹೇಳಿಬಿಡುತ್ತೇನೆ. ಫೇರ್‌ನೆಸ್ ಡಾಕ್ಟ್ರಿನ್ ವಾಪಸ್ ತಂದರೆ ಫಾಕ್ಸ್, ಎಂಎಸ್‌ಎನ್‌ಬಿಸಿ ಎಲ್ಲ ಸರಿಹೋಗುತ್ತವೆ ಅಂತ ಅಲ್ಲಿ ಎಷ್ಟೋ ಜನ ನಂಬಿದ್ದಾರೆ. ಆ ಕಟ್ಟಳೆ ಇದ್ದದ್ದು ಸರ್ಕಾರದ ಲೈಸೆನ್ಸ್ ಪಡೆದು ತರಂಗಾಂತರ ಬಳಸುವವರಿಗೆ. ಕೇಬಲ್ ಸುದ್ದಿ ಚಾನೆಲ್‌ಗಳಿಗೆ ಅಂಥ ಲೈಸೆನ್ಸೇ ಬೇಡ. ಅದು ಕಡಿವಾಣ ಹಾಕಿದ್ದು ರೇಡಿಯೋಗೆ, ತರಂಗಾಂತರದ ಟಿವಿಗೆ. ಬಿಚ್ಚಿದ್ದೂ ಅವಕ್ಕೇ. ಕೇಬಲ್ ಟಿವಿಗೆ ಅದು ತಗುಲಿದ್ದು ರೇಡಿಯೋದ ಮೂಲಕ, ಬಳಸುದಾರಿಯಲ್ಲಿ.

ಅಂದ ಹಾಗೆ, ಈ ಕತೆ ನಮ್ಮಲ್ಲಿ ನಡೆಯಲು ಸಾಧ್ಯವೇ ಇರಲಿಲ್ಲ. ಭಾರತದಲ್ಲಿ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಮಾಡುವ ಅನುಮತಿ ಕೊಟ್ಟಿಲ್ಲ. ಆಕಾಶವಾಣಿಯ ಬುಲೆಟಿನ್ನನ್ನು ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೆ. ನಮ್ಮ ಕನ್ನಡ ಸುದ್ದಿ ಚಾನೆಲ್‌ಗಳ ಗದ್ದಲಕ್ಕೆ ರೇಡಿಯೋವನ್ನು ಬೈಯುವ ಹಾಗಿಲ್ಲ.

ಈಗ ಉಪಗ್ರಹ ರೇಡಿಯೋದಲ್ಲಿ ಫಾಕ್ಸ್, ಸಿಎನ್‌ಎನ್, 2025ರ ನವೆಂಬರ್‌ನಿಂದ ಎಂಎಸ್ ನೌ ಅಂತ ಹೆಸರು ಬದಲಿಸಿಕೊಂಡಿರುವ ಎಂಎಸ್‌ಎನ್‌ಬಿಸಿ ಎಲ್ಲದರ ಟಿವಿ ದನಿಯನ್ನೇ ಕಾರಿನಲ್ಲಿ ಕೇಳಬಹುದು. ಚುನಾವಣೆಯ ರಾತ್ರಿ ಇದರ ಮಜಾ ನೋಡಬೇಕು. ‘ಈ ಜಿಲ್ಲೆ ನೋಡಿ, ಇಲ್ಲಿ ಬಣ್ಣ ಬದಲಾಗಿದೆ ನೋಡಿ’ ಅಂತ ಮ್ಯಾಪಿನ ಮುಂದೆ ನಿಂತವರು ಕೂಗುತ್ತಿರುತ್ತಾರೆ. ಕೇಳುವವರ ಎದುರಿಗೆ ಇರುವುದು ಮುಂದಿನ ಲಾರಿಯ ಹಿಂಬದಿ ದೀಪ.

ಒಂದೇ ಸೂರಿನಡಿ

ಟಿವಿ, ರೇಡಿಯೋ ಇನ್ನೂ ಒಟ್ಟಿಗೆ ಇರುವ ಜಾಗಗಳಿವೆ. ಅವು ಹೆಚ್ಚಾಗಿ ಸಾರ್ವಜನಿಕ ಪ್ರಸಾರದಲ್ಲಿ. 1967ರಲ್ಲಿ ಅಮೆರಿಕ ಸಂಸತ್ತು ಸಾರ್ವಜನಿಕ ಪ್ರಸಾರ ಕಾಯ್ದೆ ಮಾಡಿತು. ಅದಕ್ಕೆ ದಾರಿ ಮಾಡಿದ ಕಾರ್ನೆಗಿ ಆಯೋಗದ ವರದಿ ಪೂರ್ತಿ ಟಿವಿ ಬಗ್ಗೆ. ರೇಡಿಯೋದವರು ಬೆನ್ನುಹತ್ತಿ, ಕೊನೆಕೊನೆಗೆ ‘ಮತ್ತು ರೇಡಿಯೋ’ ಎಂಬ ಮಾತು ಸೇರಿಸಿಸಿದರು. ಆ ಎರಡು ಪದದಿಂದ ಎನ್‌ಪಿಆರ್ ಎಂಬ ಸಾರ್ವಜನಿಕ ರೇಡಿಯೋ ಜಾಲ ಹುಟ್ಟಿತು. ಬಾಸ್ಟನ್ನಿನ ಜಿಬಿಎಚ್, ಸ್ಯಾನ್ ಫ್ರಾನ್ಸಿಸ್ಕೋದ ಕೆಕ್ಯುಇಡಿ, ವಾಷಿಂಗ್ಟನ್ನಿನ ಡಬ್ಲ್ಯುಇಟಿಎ, ಇವೆಲ್ಲ ಟಿವಿ, ರೇಡಿಯೋ ಎರಡನ್ನೂ ನಡೆಸುತ್ತವೆ. ಸಾರ್ವಜನಿಕ ಟಿವಿ ಜಾಲ ಪಿಬಿಎಸ್‌ನ ‘ಪಿಬಿಎಸ್ ನ್ಯೂಸ್ ಅವರ್’ ಸುದ್ದಿಯನ್ನು ಕೆಲವು ಎನ್‌ಪಿಆರ್ ಸ್ಟೇಷನ್‌ಗಳು ರೇಡಿಯೋದಲ್ಲೂ ಹಾಕುತ್ತವೆ.

2025ರ ಜುಲೈನಲ್ಲಿ ಸಂಸತ್ತು ಇವುಗಳಿಗೆಂದು ಎರಡು ವರ್ಷಕ್ಕೆ ಎತ್ತಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ತೆಗೆದುಕೊಂಡಿತು. ಆ ಹಣ ಹಂಚುತ್ತಿದ್ದ ಸಿಪಿಬಿ ನಿಗಮ ತಾನು ಬಾಗಿಲು ಹಾಕುವುದಾಗಿ ಆಗಸ್ಟ್ 1ರಂದು ಹೇಳಿತು. ಎನ್‌ಪಿಆರ್ ಕೇಂದ್ರ ಕಚೇರಿಗೆ ನೇರವಾಗಿ ಹೋಗುತ್ತಿದ್ದದ್ದು ಅದರ ಆದಾಯದ ಶೇಕಡಾ ಒಂದರಷ್ಟು ಮಾತ್ರ. ಜಗಳವೆಲ್ಲ ನಡೆದದ್ದು ಅದರ ಹೆಸರಿನ ಮೇಲೆ, ಪೆಟ್ಟು ಬಿದ್ದದ್ದು ಹಳ್ಳಿಯ ಸ್ಟೇಷನ್‌ಗಳ ಮೇಲೆ.

ಅಲಾಸ್ಕಾದ ಬೆಥೆಲ್ ಅಂಥ ಒಂದು ಊರು. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲ ನದಿಯಲ್ಲಿ. ಅಲ್ಲಿ ಕೆವೈಯುಕೆ ಅಂತ ಒಂದು ಸ್ಟೇಷನ್ 1971ರಿಂದ ಇದೆ. ರೇಡಿಯೋ ನಡೆಸುತ್ತದೆ, ಜೊತೆಗೆ ಟಿವಿ ಕೆಲಸವನ್ನೂ ಮಾಡಿಕೊಂಡು ಬಂದಿದೆ. ಅದರ ಖರ್ಚಿನ ದೊಡ್ಡ ಪಾಲು ಆ ಸರ್ಕಾರಿ ಹಣದಿಂದ ಬರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಹಾಲಾಂಗ್ ಚಂಡಮಾರುತದ ಉಳಿಕೆ ಆ ಕರಾವಳಿಗೆ ಬಡಿಯಿತು. ಕಿಪ್ನುಕ್, ಕ್ವಿಗಿಲ್ಲಿಂಗೋಕ್ ಹಳ್ಳಿಗಳಲ್ಲಿ ಮನೆಗಳು ಅಡಿಪಾಯ ಬಿಟ್ಟು ನೀರಿನ ಮೇಲೆ ತೇಲಿಹೋದವು. ನೂರಾರು ಜನರನ್ನು ವಿಮಾನದಲ್ಲಿ ಬೇರೆ ಕಡೆಗೆ ಸಾಗಿಸಿದರು. ಆ ದಿನಗಳಲ್ಲಿ ಯಾವ ಹಳ್ಳಿ ಹೇಗಿದೆ, ಯಾರನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂಬ ಸುದ್ದಿಯನ್ನು ಕೆವೈಯುಕೆ ಇಂಗ್ಲಿಷಿನಲ್ಲೂ ಹೇಳಿತು, ಅಲ್ಲಿನ ಜನರ ಯುಪಿಕ್ ಭಾಷೆಯಲ್ಲೂ ಹೇಳಿತು.